ರಕ್ತ ನೋಡಿ ನಗು ಬಂದರೆ ತಪ್ಪಾ?

ಪ್ರಶ್ನೆ: ಭಾನುವಾರ ಅಕ್ಕಂದಿರ ಜೊತೆ ನೆಟ್‌ಫ್ಲಿಕ್ಸ್‌ನಲ್ಲಿ ‘ದಿ ಬೇಬಿಸಿಟರ್: ಕಿಲ್ಲರ್ ಕ್ವೀನ್’ ನೋಡಿದೆ. ರಕ್ತ ಚಿಮ್ಮಿದಾಗಲೆಲ್ಲ ಬಿದ್ದುಬಿದ್ದು ನಕ್ಕೆ. ಅಡುಗೆಮನೆಯಿಂದ ಬಂದ ಅಮ್ಮ, ‘ಜನ ಸಾಯ್ತಿದ್ರೆ ನಗ್ತೀಯಲ್ಲೇ, ನಿಂಗೇನು ಬಂದಿರೋದು?’ ಅಂದರು. ನನಗೇನಾದರೂ ಆಗಿದೆಯಾ?
– ಓದುಗಿ, ಕಲ್ಲಹಳ್ಳಿ, ಮಂಡ್ಯ

ಏನೂ ಆಗಿಲ್ಲ ಬಿಡಿ. ಈರುಳ್ಳಿ ಹೆಚ್ಚುವಾಗ ಬೆರಳು ಕೊಯ್ದರೆ ಯಾರೂ ನಗುವುದಿಲ್ಲ, ಆ ಉರಿ ನಮಗೆ ಗೊತ್ತು. ಅದೇ ರಕ್ತ ಬೃಂದಾವನದ ಕಾರಂಜಿ ಹಾಗೆ ಚಿಮ್ಮಿದರೆ, ಇದು ಸುಳ್ಳು ಅಂತ ಮನಸ್ಸಿಗೆ ತಕ್ಷಣ ಗೊತ್ತಾಗುತ್ತದೆ, ಹೆದರಿಕೊಂಡು ಬಿಗಿಹಿಡಿದಿದ್ದ ಉಸಿರು ನಗುವಾಗಿ ಆಚೆ ಬರುತ್ತದೆ. ಪಕ್ಕದಲ್ಲಿ ಅಕ್ಕಂದಿರು ಬೇರೆ ಇದ್ದರಲ್ವಾ, ಒಬ್ಬರು ಕಿಸಕ್ ಅಂದರೆ ಮುಗೀತು. ನಿಮ್ಮ ಕಡೆ ಕುರುಕ್ಷೇತ್ರ ನಾಟಕದಲ್ಲಿ ಭೀಮ ದುಶ್ಶಾಸನನ ಎದೆ ಬಗೆಯುವಾಗ ಜನ ಶಿಳ್ಳೆ ಹೊಡೆಯುವುದಿಲ್ಲವೇ? ಬೆಳಿಗ್ಗೆ ಅದೇ ದುಶ್ಶಾಸನ ಹೋಟೆಲಿನಲ್ಲಿ ಟೀ ಕುಡಿಯುತ್ತಿರುತ್ತಾನೆ. ಅಮ್ಮನಿಗೆ ಇದನ್ನೇ ಹೇಳಿ.

ಪ್ರಶ್ನೆ: ‘ದಿ ಬೇಬಿಸಿಟರ್’ ಮೊದಲ ಭಾಗ ನೋಡುವಾಗ ಪಿಜಿ ರೂಮೇ ಕಿರುಚಿತ್ತು. ಎರಡನೆಯದಾದ ‘ಕಿಲ್ಲರ್ ಕ್ವೀನ್’ಗೆ ಅರ್ಧ ಜನ ಫೋನ್ ನೋಡುತ್ತಾ ಕೂತರು. ಯಾಕೆ ಹೀಗೆ?
– ಓದುಗ, ಸರಸ್ವತಿಪುರಂ, ಮೈಸೂರು

2017ರ ಮೊದಲ ಭಾಗದಲ್ಲಿ ಕಥೆಯ ಹುಡುಗನ ಜೊತೆ ನಾವೂ ಅವನನ್ನು ನೋಡಿಕೊಳ್ಳುವ ಅಕ್ಕನನ್ನು ಇಷ್ಟಪಟ್ಟಿರುತ್ತೇವೆ, ಆಮೇಲೆ ಅವಳೇ ರಾತ್ರಿ ಬಲಿ ಕೊಡುವವಳು ಅಂತ ಗೊತ್ತಾಗುತ್ತದೆ. ಆ ಏಟು ಒಂದೇ ಸಲ ಬೀಳುವುದು. 2020ರ ಎರಡನೇ ಭಾಗದಲ್ಲಿ ಎರಡು ವರ್ಷ ಕಳೆದಿದೆ, ಹುಡುಗನ ಮಾತನ್ನು ಯಾರೂ ನಂಬುವುದಿಲ್ಲ. ಈ ಎಳೆ ಚೆನ್ನಾಗಿತ್ತು, ಅದನ್ನೇ ಹಿಗ್ಗಿಸಬಹುದಿತ್ತು. ಆದರೆ ಮೊದಲ ಭಾಗದಲ್ಲಿ ಸತ್ತ ಅವಳ ಗುಂಪೇ ಎದ್ದು ಬರುತ್ತದೆ. ಸತ್ತವರು ಮತ್ತೆ ಸಾಯುವುದಕ್ಕೆ ಯಾರು ಹೆದರುತ್ತಾರೆ ಹೇಳಿ? ಅದಕ್ಕೇ ನಿರ್ದೇಶಕ ಮ್ಯಾಕ್‌ಜಿ ರಕ್ತ ಜಾಸ್ತಿ ಮಾಡಿದ್ದಾರೆ, ಜೋಕೂ ಜಾಸ್ತಿ. ಆ ಅಕ್ಕನಾಗಿ ಇಡೀ ಮೊದಲ ಭಾಗವನ್ನು ಹೊತ್ತಿದ್ದ ನಟಿ ಸಮಾರಾ ವೀವಿಂಗ್ ಇದರಲ್ಲಿ ಹೀಗೆ ಬಂದು ಹಾಗೆ ಹೋಗುತ್ತಾರೆ. ನನಗೆ ಹಿಡಿಸಿದ್ದು ನಟಿ ಜೆನ್ನಾ ಒರ್ಟೆಗಾ ಮಾತ್ರ, 2022ರ ‘ವೆನ್ಸ್‌ಡೇ’ ಸರಣಿಗೆ ಮುಂಚೆಯೇ ಆಕೆ ಇಲ್ಲಿ ಗಟ್ಟಿಯಾಗಿ ಕಾಣಿಸುತ್ತಾರೆ. ನಮ್ಮ ಪಕ್ಕದ ಮನೆ ಹುಡುಗ ಎರಡನೆಯದೇ ಸೂಪರ್ ಅಂತಾನೆ. ಮೊದಲನೆಯದನ್ನು ಅವನು ನೋಡೇ ಇಲ್ಲ.

ಪ್ರಶ್ನೆ: ಅಷ್ಟೊಂದು ರಕ್ತ ಯಾವುದರಲ್ಲಿ ಮಾಡುತ್ತಾರೆ?
– ಓದುಗ, ಮದ್ದೂರು

ಸಾಮಾನ್ಯವಾಗಿ ಕಾರ್ನ್ ಸಿರಪ್‌ಗೆ, ಅಂದರೆ ಮೆಕ್ಕೆಜೋಳದ ಸಿಹಿ ಪಾಕಕ್ಕೆ, ಅಡುಗೆ ಬಣ್ಣ ಕಲಸುತ್ತಾರೆ. 1960ರ ‘ಸೈಕೋ’ ಕಪ್ಪುಬಿಳುಪು ಚಿತ್ರ, ಅದರಲ್ಲಿ ಚಾಕೊಲೇಟ್ ಸಿರಪ್ಪೇ ಸಾಕಾಯಿತು. ಬರೀ ಸಿಹಿ, ಇರುವೆ ಮುತ್ತಬಹುದು.

ಪ್ರಶ್ನೆ: ಏಳನೇ ಕ್ಲಾಸಿನ ಮಗ ‘ಅದರಲ್ಲಿರೋರೂ ಸ್ಕೂಲ್ ಮಕ್ಕಳೇ’ ಅಂತ ‘ಕಿಲ್ಲರ್ ಕ್ವೀನ್’ ನೋಡಲು ಹಟ ಮಾಡುತ್ತಿದ್ದಾನೆ. ತೋರಿಸಲಾ?
– ತಾಯಿ, ಕುವೆಂಪುನಗರ

ಬೇಡ. ಕಥೆ ಹೈಸ್ಕೂಲ್ ಮಕ್ಕಳದ್ದು, ಸಿನಿಮಾ ದೊಡ್ಡವರದ್ದು. ನಿಮ್ಮ ನೆಟ್‌ಫ್ಲಿಕ್ಸ್ ಪ್ರೊಫೈಲ್‌ಗೆ ನಾಲ್ಕು ಅಂಕಿಯ ಪಿನ್ ಹಾಕಿ. ಅವನು ಹುಟ್ಟಿದ ವರ್ಷವನ್ನೇ ಹಾಕಬೇಡಿ ಮತ್ತೆ.