ಇಷ್ಟು ದೊಡ್ಡ ವಿಶ್ವದಲ್ಲಿ ಮನುಷ್ಯ ಯಾವ ಲೆಕ್ಕ?

ವಾಯೇಜರ್ 1 ಬಾಹ್ಯಾಕಾಶ ನೌಕೆ 1990ರಲ್ಲಿ ತೆಗೆದ ಫೋಟೊದಲ್ಲಿ ಭೂಮಿ ಹುಡುಕಿದರೂ ಸಿಗದಷ್ಟು ಸಣ್ಣ ಚುಕ್ಕೆ, ಹಾಗಿರುವಾಗ ಮನುಷ್ಯ ಯಾವ ಲೆಕ್ಕ, ಮನುಷ್ಯನನ್ನೇ ನಡುವೆ ಇಟ್ಟು ಯೋಚಿಸುವುದು ಅಹಂಕಾರ ಅಲ್ವಾ ಎಂದು ಕೇಳಿದ್ದೀರಿ. ಅಹಂಕಾರ ಅಲ್ಲ ಎಂದೇ ನನ್ನ ಉತ್ತರ. ಸುಮ್ನೆ ಅಲ್ಲ ಎಂದುಬಿಟ್ಟರೆ ಸಾಲದು, ಯಾಕೆ ಎಂದೂ ಹೇಳುತ್ತೇನೆ.

ಅಪ್ಪ ತೀರಿಕೊಂಡ ವಾರ ಮನೆಗೆ ಬಂದಿದ್ದ ಒಬ್ಬರು ಸಮಾಧಾನ ಹೇಳುತ್ತಾ, ಈ ಬ್ರಹ್ಮಾಂಡದ ಮುಂದೆ ನಾವೆಲ್ಲ ಏನು ಮಹಾ, ಒಂದು ಧೂಳಿನ ಕಣ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಎದುರಿಗೆ ಮೇಜಿನ ಮೇಲೆ ಅಪ್ಪನ ಕನ್ನಡಕ ಇತ್ತು. ಎಡಗಡೆಯ ಗಾಜಿನ ಮೇಲೆ ಹೆಬ್ಬೆರಳಿನ ಗುರುತು ಹಾಗೇ ಉಳಿದಿತ್ತು, ಅವರು ಯಾವಾಗಲೂ ಗಾಜು ಹಿಡಿದೇ ಕನ್ನಡಕ ತೆಗೆಯುತ್ತಿದ್ದರು, ಅಮ್ಮ ಬೈದರೂ ಬಿಡಲಿಲ್ಲ. ನನಗೆ ಆ ಗುರುತಿನಿಂದ ಕಣ್ಣು ಕೀಳಲು ಆಗಲಿಲ್ಲ. ವಿಶ್ವಕ್ಕೆ 1380 ಕೋಟಿ ವರ್ಷ ವಯಸ್ಸು ಎಂಬುದು ಆಗಲೂ ನನಗೆ ಗೊತ್ತಿತ್ತು. ಸಂಕಟ ಕೂದಲೆಳೆಯಷ್ಟೂ ಕಡಿಮೆ ಆಗಲಿಲ್ಲ. ನೋವನ್ನು ವಿಶ್ವದ ಅಗಲದಿಂದ ಭಾಗಿಸಿದರೆ ಸೊನ್ನೆ ಬರುತ್ತದೆ ಎಂದು ಸಮಾಧಾನ ಹೇಳಿದವರು ತಿಳಿದಿದ್ದರು. ಆ ಭಾಗಾಕಾರವೇ ತಪ್ಪು ಎಂದು ನನಗೆ ಅವತ್ತು ಅನ್ನಿಸಿದ್ದು ಇವತ್ತಿಗೂ ಹಾಗೇ ಇದೆ.

ಗಾತ್ರ ಬೇರೆ, ಬೆಲೆ ಬೇರೆ. ಸೂರ್ಯನೊಳಗೆ ಭೂಮಿಯಷ್ಟು ಗಾತ್ರದ ಸುಮಾರು 13 ಲಕ್ಷ ಗೋಳಗಳು ಹಿಡಿಸುತ್ತವೆ. ಆದರೆ ಸೂರ್ಯನಿಗೆ ತಾನು ಉರಿಯುತ್ತಿದ್ದೇನೆ ಎಂಬುದೇ ತಿಳಿಯದು, ಒಂದು ದಿನ ಆರುತ್ತೇನೆ ಎಂಬ ಚಿಂತೆಯೂ ಇಲ್ಲ. ಒಳ್ಳೆಯದು, ಕೆಟ್ಟದ್ದು, ಬೇಕು, ಬೇಡ ಇವೆಲ್ಲ ಶುರುವಾಗುವುದೇ ನೋಯುವ, ಬಯಸುವ ಜೀವ ಒಂದು ಇರುವ ಕಡೆ.

ಇನ್ನು ಲೆಕ್ಕದ ಮಾತು. ವಿಶ್ವ ಇಷ್ಟು ದೊಡ್ಡದು ಎಂದು ನಿಮಗೆ ಹೇಳಿದವರು ಯಾರು? ನನಗೆ ತಕ್ಷಣ ನೆನಪಾಗುವುದು ಹೆನ್ರಿಯೆಟ್ಟಾ ಲೆವಿಟ್. ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಇದ್ದವರು. ಆ ಕಾಲದಲ್ಲಿ ಅಲ್ಲಿ ಕಂಪ್ಯೂಟರ್ ಎಂದರೆ ಯಂತ್ರ ಅಲ್ಲ, ಲೆಕ್ಕ ಹಾಕುವ ಕೆಲಸಕ್ಕೆ ಸೇರಿದ್ದ ಹೆಂಗಸರು. ಆಕಾಶದ ಫೋಟೊಗಳು ಗಾಜಿನ ಪ್ಲೇಟಿನ ಮೇಲೆ ಇರುತ್ತಿದ್ದವು, ಬೆಳಕು ಕತ್ತಲೆ ಅದಲು ಬದಲು, ಅಂದರೆ ಬಿಳಿ ಆಕಾಶದಲ್ಲಿ ಕಪ್ಪು ನಕ್ಷತ್ರಗಳು. ಒಂದು ರಾತ್ರಿಯ ಪ್ಲೇಟನ್ನು ಇನ್ನೊಂದು ರಾತ್ರಿಯದರ ಜೊತೆ ಹೋಲಿಸಿ, ಯಾವ ಚುಕ್ಕೆ ಸ್ವಲ್ಪ ದಪ್ಪಗಾಗಿದೆ, ಯಾವುದು ಸಣ್ಣದಾಗಿದೆ ಎಂದು ಒಂದೊಂದಾಗಿ ನೋಡಬೇಕು. ಕಿವಿ ಸರಿಯಾಗಿ ಕೇಳಿಸದ ಆಕೆ ವರ್ಷಗಟ್ಟಲೆ ಹೀಗೆ ನೋಡಿದರು. 1912ರಲ್ಲಿ ಹೀಗೆ ಬೆಳಕು ಏರಿಳಿಯುವ 25 ನಕ್ಷತ್ರಗಳ ಲೆಕ್ಕ ಕೊಟ್ಟು, ಯಾವುದರ ಬೆಳಕು ನಿಧಾನವಾಗಿ ಹೆಚ್ಚುಕಮ್ಮಿ ಆಗುತ್ತದೋ ಅದರ ನಿಜವಾದ ಬೆಳಕು ಜಾಸ್ತಿ ಎಂದು ತೋರಿಸಿದರು. ನಕ್ಷತ್ರದ ನಿಜವಾದ ಬೆಳಕು ಎಷ್ಟು ಎಂದು ಗೊತ್ತಾದರೆ, ನಮಗೆ ಕಾಣುವ ಬೆಳಕಿನ ಜೊತೆ ಹೋಲಿಸಿ ಅದು ಎಷ್ಟು ದೂರ ಇದೆ ಎಂದು ಹೇಳಬಹುದು. 1923ರಲ್ಲಿ ಖಗೋಳ ವಿಜ್ಞಾನಿ ಎಡ್ವಿನ್ ಹಬಲ್ ಆಕಾಶದಲ್ಲಿ ಆಂಡ್ರೊಮೀಡಾ ಎಂಬ ಮಸುಕು ಮಚ್ಚೆಯೊಳಗೆ ಇದೇ ಜಾತಿಯ ಒಂದು ನಕ್ಷತ್ರ ಕಂಡು, ಆ ಮಚ್ಚೆ ನಮ್ಮ ಕ್ಷೀರಪಥದಿಂದ ಆಚೆ ಇರುವ ಬೇರೆಯದೇ ಗ್ಯಾಲಕ್ಸಿ, ಅಂದರೆ ನಕ್ಷತ್ರಗಳ ದೊಡ್ಡ ಗುಂಪು, ಎಂದು ತೋರಿಸಿದ್ದು ಈ ಲೆಕ್ಕದಿಂದಲೇ. ಅದನ್ನು ನೋಡಲು ಲೆವಿಟ್ ಇರಲಿಲ್ಲ, 1921ರಲ್ಲೇ ಹೋಗಿಬಿಟ್ಟಿದ್ದರು. ನನಗೆ ಇದು ಬಹಳ ಬೇಜಾರಿನ ವಿಷಯ.

ವಿಶ್ವ ತನ್ನ ಅಗಲವನ್ನು ತಾನೇ ಅಳೆದುಕೊಳ್ಳಲಿಲ್ಲ. ಲೆಕ್ಕ ಹಾಕಿದವರನ್ನೇ ಲೆಕ್ಕಕ್ಕಿಲ್ಲ ಅನ್ನುವುದು ಹೇಗೆ? ನೀವು ಹೇಳಿದ ಆ ಫೋಟೊ ಕೂಡ ಅಷ್ಟೇ. ಸುಮಾರು 600 ಕೋಟಿ ಕಿಲೋಮೀಟರ್ ದೂರದಿಂದ ಕ್ಯಾಮೆರಾ ಹಿಂದಕ್ಕೆ ತಿರುಗಿಸಿ ಮನೆ ನೋಡೋಣ ಎಂದುಕೊಂಡವರು ಮನುಷ್ಯರೇ.

ಒಂದು ವಿಷಯದಲ್ಲಿ ನೀವು ಹೇಳುವುದು ಸರಿ. ಎಲ್ಲವೂ ನಮಗಾಗಿಯೇ ಇದೆ, ನಾವು ಮಾಲೀಕರು ಎನ್ನುವುದಾದರೆ ಅದು ಖಂಡಿತ ಅಹಂಕಾರ. ಭೂಮಿ ನಡುವೆ ಇಲ್ಲ ಎಂದು ಕೊಪರ್ನಿಕಸ್ 1543ರಲ್ಲೇ ಬರೆದಾಗಿದೆ, ಅದರ ಬಗ್ಗೆ ಜಗಳ ಇಲ್ಲ. ನೋವು ನಾಯಿಗೂ ಆಗುತ್ತದೆ, ಆನೆಗೂ ಆಗುತ್ತದೆ, ಅದೂ ಲೆಕ್ಕಕ್ಕೆ ಬರಬೇಕು. ನಾಳೆ ಇನ್ನೆಲ್ಲೋ ಯೋಚಿಸುವ ಜೀವ ಸಿಕ್ಕಿದರೆ ಅದೂ ಬರಲಿ, ನಮ್ಮ ಬೆಲೆ ಅದರಿಂದ ಕಡಿಮೆ ಆಗುವುದಿಲ್ಲ. ಆದರೆ ನೋಯುವ ಜೀವಗಳಲ್ಲಿ, ನಮಗೆ ಗೊತ್ತಿರುವ ಮಟ್ಟಿಗೆ, ಮುಂದೆ ಏನಾಗಬಹುದು ಎಂದು ಯೋಚಿಸಿ ಬೇರೆಯವರಿಗಾಗಿ ಆಕಾಶದತ್ತ ಕೈ ಚಾಚಬಲ್ಲದ್ದು ಒಂದೇ ಒಂದು. 6.6 ಕೋಟಿ ವರ್ಷದ ಹಿಂದೆ ಕ್ಷುದ್ರಗ್ರಹ ಬಂದು ಬಿದ್ದಾಗ ಡೈನೋಸಾರ್‌ಗಳಿಗೆ ಏನೂ ಮಾಡಲು ಆಗಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಡಾರ್ಟ್ ಎಂಬ ನೌಕೆಯನ್ನು ಬೇಕೆಂದೇ ಡೈಮಾರ್ಫಸ್ ಎಂಬ ಪುಟ್ಟ ಕ್ಷುದ್ರಗ್ರಹಕ್ಕೆ ಗುದ್ದಿಸಿ, ಅದು ತನ್ನ ಜೊತೆಯ ದೊಡ್ಡ ಕ್ಷುದ್ರಗ್ರಹವನ್ನು ಒಂದು ಸುತ್ತು ಹಾಕುವ ಸಮಯವನ್ನು ಅರ್ಧ ಗಂಟೆಗಿಂತ ಜಾಸ್ತಿ ಕಡಿಮೆ ಮಾಡಿದರು. ಅದರಿಂದ ಭೂಮಿಗೆ ಅಪಾಯವೇನೂ ಇರಲಿಲ್ಲ, ಮುಂದೆ ಬೇಕಾದೀತು ಎಂದು ಮಾಡಿದ ಪ್ರಯೋಗ. ಅದು ಸಾಧ್ಯವಾದರೆ ಉಳಿಯುವುದು ನಾವು ಮಾತ್ರ ಅಲ್ಲ, ಆನೆಯೂ ಉಳಿಯುತ್ತದೆ. ಮನುಷ್ಯನನ್ನು ನಡುವೆ ಇಡುವುದು ಎಂದರೆ ನನ್ನ ಮಟ್ಟಿಗೆ ಈ ಹೊಣೆ.

ಈ ಯೋಚನೆ ಬಂದರೆ ರಾತ್ರಿ ನಿದ್ದೆ ಬರುವುದಿಲ್ಲ ಎಂದೂ ಬರೆದಿದ್ದೀರಿ. ಕತ್ತಲು ಚೆನ್ನಾಗಿರುವ ಕಡೆ ಹೋದಾಗ ಬೈನಾಕ್ಯುಲರ್ ಹಿಡಿದು ಆಂಡ್ರೊಮೀಡಾ ಹುಡುಕಿ. ಯಾರೋ ಗಾಜಿಗೆ ಬೆರಳು ತಾಗಿಸಿದ ಹಾಗೆ ಒಂದು ಮಸುಕು ಗುರುತು ಕಾಣುತ್ತದೆ. ಆ ಬೆಳಕು ಅಲ್ಲಿಂದ ಹೊರಟು 25 ಲಕ್ಷ ವರ್ಷ ಆಯಿತು, ಹೊರಟಾಗ ಅದನ್ನು ನೋಡಲು ನಾವ್ಯಾರೂ ಹುಟ್ಟಿರಲಿಲ್ಲ. ನಾನಂತೂ ಕೈ ನೋಯುವವರೆಗೂ ನೋಡುತ್ತಾ ನಿಲ್ಲುತ್ತೇನೆ.