ಜಾಗ್ವಾರ್, ಲ್ಯಾಂಬೊರ್ಗಿನಿ, ಪೋರ್ಷೆ: ನಿಮ್ಮ ಮತ ಯಾವುದಕ್ಕೆ?

ಪ್ರಶ್ನೆ: ಜಾಗ್ವಾರ್ ಇ-ಟೈಪ್, ಲ್ಯಾಂಬೊರ್ಗಿನಿ ಮಿಯುರಾ, ಪೋರ್ಷೆ 911 ಮೂರೂ 1960ರ ದಶಕದ ಸ್ಪೋರ್ಟ್ಸ್ ಕಾರುಗಳೇ. ಆದರೂ ಒಂದಕ್ಕೊಂದು ಹೋಲಿಕೆಯೇ ಇಲ್ಲವಲ್ಲ, ಯಾಕೆ ಸಾರ್? ನಿಮಗೆ ಯಾವುದು ಇಷ್ಟ?
– ಓದುಗರೊಬ್ಬರು, ಹಾಸನ

ಉತ್ತರ: ಎಂಜಿನ್ ಎಲ್ಲಿದೆ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. 1961ರ ಬ್ರಿಟಿಷ್ ಇ-ಟೈಪ್‌ನಲ್ಲಿ ಅದು ಮುಂದಿದೆ. ಆ ಉದ್ದ ಮೂತಿಯೊಳಗೆ 3.8 ಲೀಟರಿನ ಆರು ಸಿಲಿಂಡರ್ ಎಂಜಿನ್. ಕಾರಿನ ರೂಪ ಕೊಟ್ಟ ಮಾಲ್ಕಮ್ ಸೇಯರ್ ಮೊದಲು ವಿಮಾನ ಕಂಪನಿಯಲ್ಲಿದ್ದವರು. ಆ ಮೈ ನೋಡಿದರೆ ಗೊತ್ತಾಗುತ್ತದೆ ಅಲ್ವಾ?

ಇಟಲಿಯ ಮಿಯುರಾ (1966) ಮೂರರಲ್ಲಿ ಅತಿ ಚೆಂದದ್ದು. ಹನ್ನೆರಡು ಸಿಲಿಂಡರಿನ ಎಂಜಿನ್ನನ್ನು ಸೀಟಿನ ಹಿಂದೆ ಅಡ್ಡಲಾಗಿ ಕೂರಿಸಿದರು. ಪೆಟ್ರೋಲ್ ಟ್ಯಾಂಕ್ ಮುಂದಿತ್ತು. ಅದು ಖಾಲಿಯಾದಂತೆ ಮುಂಭಾಗ ಹಗುರಾಗಿ, ಜಾಸ್ತಿ ವೇಗದಲ್ಲಿ ಸ್ಟಿಯರಿಂಗ್ ಹಿಡಿತ ತಪ್ಪುವ ಭಯ.

ನನ್ನ ಮನಸ್ಸು ಮಾತ್ರ ಜರ್ಮನಿಯ 911ರ ಮೇಲೆ. 1963ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ನಡೆದ ಕಾರು ಪ್ರದರ್ಶನದಲ್ಲಿ ಮೊದಲ ಬಾರಿ ಕಾಣಿಸಿಕೊಂಡ ಕಾರು. ಬರೀ ಎರಡು ಲೀಟರಿನ, ಗಾಳಿಯಿಂದ ತಣಿಯುವ ಎಂಜಿನ್, ಅದೂ ಹಿಂದಿನ ಚಕ್ರಗಳಿಗಿಂತ ಹಿಂದೆ! ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಹೊರಕ್ಕೆ ಬೀಸುತ್ತಿತ್ತು. ಎಂಜಿನಿಯರುಗಳು ಹಟ ಬಿಡಲಿಲ್ಲ. 1969ರ ಮಾದರಿಯಲ್ಲಿ ಹಿಂದಿನ ಚಕ್ರಗಳನ್ನು 57 ಮಿ.ಮೀ. ಹಿಂದಕ್ಕೆ ಸರಿಸಿದರು. ತೂಕದ ಹಂಚಿಕೆ ಸುಧಾರಿಸಿತು, ಕಾರು ಎಷ್ಟೋ ಪಳಗಿತು. ಹೀಗೆ ವರ್ಷಗಟ್ಟಲೆ ಕೂತು ತಿದ್ದಿದ್ದಕ್ಕೇ ನನಗೆ ಆ ಕಾರಿನ ಮೇಲೆ ಅಷ್ಟು ಪ್ರೀತಿ.