ಮಂಚದಡಿ ಕೂತ ಬೆಕ್ಕನ್ನು ಎಳೆಯಬೇಡಿ, ಮೊದಲು ಫಿನಾಯಿಲ್ ಬಾಟಲಿ ಎತ್ತಿಡಿ

ನಾಲ್ಕು ವರ್ಷದ ಹೆಣ್ಣುಬೆಕ್ಕು, ತಂದು 12 ದಿನವಾದರೂ ಮಂಚದಡಿ ಬಿಟ್ಟು ಬರುತ್ತಿಲ್ಲ. ಬಲವಂತವಾಗಿ ಎತ್ತಿ ತೊಡೆ ಮೇಲೆ ಕೂರಿಸಿಕೊಂಡು ಅಭ್ಯಾಸ ಮಾಡಿಸಲೋ, ಇಲ್ಲಾ ಬೆಕ್ಕಿಗೆ ನಿಯತ್ತೇ ಇಲ್ಲ ಅಂತ ವಾಪಸ್ ಕೊಟ್ಟು ನಾಯಿ ತರಲೋ ಅಂತ ಕೇಳಿದ್ದೀರಿ. ನನ್ನ ಕಣ್ಣು ನಿಂತಿದ್ದು ಮಾತ್ರ ನೀವು ನಡುವೆ ಹೇಳಿ ಮುಂದೆ ಹೋದ ಮಾತಿನ ಮೇಲೆ: "ರೂಮು ದಿನಾ ಫಿನಾಯಿಲ್ ಹಾಕಿ ಒರೆಸುತ್ತೇನೆ, ಅದರ ಜೊತೆ ಬಂದ ಟವೆಲನ್ನೂ ಒಗೆದು ಹಾಕುತ್ತೇನೆ, ಆದರೂ ಹತ್ತಿರ ಬರಲ್ಲ."

ಬೆಕ್ಕು ಹತ್ತಿರ ಬಾರದೆ ಇರೋದಕ್ಕೆ ಕಾರಣ ಅದೇ ಸಾಲಿನಲ್ಲಿದೆ. ನಾನು ಮಾಡಿದ್ದೂ ಅದನ್ನೇ.

ನನ್ನ ಬೆಕ್ಕು ಚುಕ್ಕಿ ಬಂದಾಗ ಅವಳಿಗೆ ಮೂರು ವರ್ಷ. ಜೊತೆಗೆ ಬಂದಿದ್ದು ಒಂದು ಕಂದು ಕಂಬಳಿ, ಮೈಯೆಲ್ಲ ಕೂದಲು, ಒಂದು ಮೂಲೆಯಲ್ಲಿ ಒಣಗಿದ ಕಲೆ. ಮೊದಲ ದಿನ ಏನೂ ತಿನ್ನಲಿಲ್ಲ. ಎರಡನೇ ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದಿಷ್ಟು ತಿಂದಿದ್ದಳು. ಮೂರನೇ ದಿನ ಲಿಟರ್ ಟ್ರೇ, ಅಂದರೆ ಮಲಮೂತ್ರಕ್ಕೆ ಮರಳು ಹಾಕಿಟ್ಟ ತಟ್ಟೆ, ಬಳಸಿದಳು. ಐದನೇ ಸಂಜೆ ನಾನು ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತಿದ್ದಾಗ, ಮಂಚದ ಅಂಚಿನವರೆಗೆ ತೆವಳಿಕೊಂಡು ಬಂದು ಮೀಸೆಯಷ್ಟೇ ಬೆಳಕಿಗೆ ಬರುವ ಹಾಗೆ ಮುಖ ಚಾಚಿದಳು. ಅಂದರೆ ಎಲ್ಲವೂ ಸರಿಯಾಗೇ ನಡೆದಿತ್ತು. ಆರನೇ ದಿನ ಬೆಳಿಗ್ಗೆ ಅವಳಿಗೆ ಸ್ವಚ್ಛ ಮಾಡಿಕೊಡೋಣ ಅಂತ ಕಂಬಳಿ ಒಗೆದೆ, ಟ್ರೇಯ ಮರಳನ್ನು ಪೂರ್ತಿ ಬದಲಾಯಿಸಿದೆ, ರಟ್ಟಿನ ಪೆಟ್ಟಿಗೆ ಎಸೆದೆ, ಮಂಚ ಸರಿಸಿ ಕೆಳಗೆಲ್ಲ ಫಿನಾಯಿಲ್ ಹಾಕಿ ಒರೆಸಿದೆ. ಅವತ್ತು ಸಂಜೆಯ ಬಟ್ಟಲು ಹಾಗೇ ಉಳಿಯಿತು. ಮರುದಿನವೂ ಉಳಿಯಿತು. ಅದರ ಮರುದಿನ ಬೆಳಿಗ್ಗೆ ಹಾಸಿಗೆಯ ಮೇಲೆ ಉಚ್ಚೆ ಹೊಯ್ದಿದ್ದಳು. ಪಶುವೈದ್ಯರ ಹತ್ತಿರ ಓಡಬೇಕಾಯಿತು. ಆರು ದಿನದಲ್ಲಿ ಬಂದ ದೂರವನ್ನು ಮತ್ತೆ ಕ್ರಮಿಸಲು 11 ವಾರ ಹಿಡಿಯಿತು.

ಆ ಒಂದು ಬೆಳಗಿನ ಕೆಲಸದಲ್ಲಿ ಏನೇನು ಕೆಟ್ಟಿತು ಅಂತ ಬಿಡಿಸಿ ಹೇಳಲೇಬೇಕು, ಯಾಕೆಂದರೆ ಇದನ್ನು ತಪ್ಪು ಅಂತ ಯಾರೂ ಅಂದುಕೊಳ್ಳುವುದಿಲ್ಲ. ಬೆಕ್ಕಿನ ಕೆನ್ನೆ, ಗಲ್ಲ, ಹಣೆ, ಬಾಲದ ಬುಡ, ಪಂಜದ ಮೆತ್ತೆ, ಇಲ್ಲೆಲ್ಲ ವಾಸನೆಯ ಗ್ರಂಥಿಗಳಿವೆ. ಬಾಗಿಲಿನ ಚೌಕಟ್ಟಿಗೋ ಕುರ್ಚಿ ಕಾಲಿಗೋ ಕೆನ್ನೆ ಉಜ್ಜುವಾಗ ಅದು ತನ್ನ ಗುರುತು ಹಚ್ಚುತ್ತಿರುತ್ತದೆ. ಒಂದು ಜಾಗ ತನ್ನದು, ಇಲ್ಲಿ ಮಲಗಬಹುದು ಅಂತ ಅದಕ್ಕೆ ಗೊತ್ತಾಗುವುದು ಗೋಡೆ ನೋಡಿ ಅಲ್ಲ, ಆ ಗುರುತು ಮೂಸಿ. ಹೊಸ ಮನೆಯಲ್ಲಿ ಚುಕ್ಕಿಗೆ ಗೊತ್ತಿದ್ದ ವಾಸನೆ ಅಂದರೆ ಆ ಕಂಬಳಿ ಒಂದೇ. ಅದರ ಸುತ್ತ ಐದು ದಿನದಲ್ಲಿ ತನ್ನದೊಂದು ಸಣ್ಣ ವೃತ್ತ ಕಟ್ಟಿಕೊಂಡಿದ್ದಳು. ನಾನು ಅಷ್ಟನ್ನೂ ಒಂದೇ ಗಂಟೆಯಲ್ಲಿ ಅಳಿಸಿ, ಅದರ ಮೇಲೆ ಸಹಿಸಲಾಗದ ವಾಸನೆಯೊಂದನ್ನು ಬಳಿದುಬಿಟ್ಟೆ. ಅವಳ ಪಾಲಿಗೆ ಅದು ಆರು ದಿನದಲ್ಲಿ ಎರಡನೇ ಸಲ ಮನೆ ಬದಲಾದ ಹಾಗೆ. ಟ್ರೇಯಲ್ಲೂ ಹಾಗೇ ಆಯಿತು. ತನ್ನ ವಾಸನೆ ಒಂದು ಚೂರೂ ಇಲ್ಲದ ಮರಳನ್ನು ಬಿಟ್ಟು, ಮನುಷ್ಯರ ಮೈವಾಸನೆ ಇರುವ ಮೆತ್ತನೆ ಹಾಸಿಗೆಯನ್ನು ಹುಡುಕಿಕೊಂಡಳು. ಅದು ಸೇಡಲ್ಲ, ಹೆದರಿಕೆ.

ಫಿನಾಯಿಲ್ ಬರೀ ವಾಸನೆಯ ವಿಷಯವೂ ಅಲ್ಲ. ನೀರಿಗೆ ಹಾಕಿದರೆ ಹಾಲಿನ ಹಾಗೆ ಬೆಳ್ಳಗಾಗುವ ನೆಲ ಒರೆಸುವ ದ್ರವಗಳಲ್ಲಿ ಸಾಮಾನ್ಯವಾಗಿ ಫೀನಾಲ್ ಜಾತಿಯ ರಾಸಾಯನಿಕವೋ ಪೈನ್ ಎಣ್ಣೆಯೋ ಇರುತ್ತದೆ. ಇವನ್ನು ಕರಗಿಸಿ ಹೊರಹಾಕಲು ಬೇಕಾದ ಕಿಣ್ವವೊಂದು (ಎನ್‌ಜೈಮ್) ಬೆಕ್ಕಿನ ಯಕೃತ್ತಿನಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷವಾಗುವುದಕ್ಕೂ ಕಾರಣ ಇದೇ. ಒದ್ದೆ ನೆಲದ ಮೇಲೆ ನಡೆದು, ಪಂಜ ನೆಕ್ಕಿಕೊಂಡರೆ ಅದು ನೇರ ಹೊಟ್ಟೆಗೇ ಹೋಯಿತು. ಜೊಲ್ಲು ಸುರಿಸುವುದು, ವಾಂತಿ, ನಡುಕ, ನಾಲಿಗೆ ಮೇಲೆ ಹುಣ್ಣು ಕಂಡರೆ ಬಾಟಲಿಯನ್ನೂ ಕೈಯಲ್ಲಿ ಹಿಡಿದುಕೊಂಡೇ ವೈದ್ಯರ ಹತ್ತಿರ ಹೋಗಿ. ಆ ಡಬ್ಬಿಯನ್ನು ಬೆಕ್ಕಿರುವ ಮನೆಯಿಂದಲೇ ಹೊರಗಿಡಿ. ನೆಲಕ್ಕೆ ಬಿಸಿನೀರು, ಪರಿಮಳ ಇಲ್ಲದ ಸೋಪು ಸಾಕು. ಉಚ್ಚೆ ಹೊಯ್ದ ಕಡೆ ಮಾತ್ರ ಕಿಣ್ವ ಇರುವ ಕ್ಲೀನರ್ ಬೇಕು. ಉಚ್ಚೆಯಲ್ಲಿರುವ ಯೂರಿಕ್ ಆಮ್ಲ ಸೋಪುನೀರಿಗೆ ಹೋಗುವುದಿಲ್ಲ, ನಮ್ಮ ಮೂಗಿಗೆ ಹೋಯಿತು ಅನ್ನಿಸಿದರೂ ಬೆಕ್ಕಿನ ಮೂಗಿಗೆ ಉಳಿದಿರುತ್ತದೆ. ಕ್ಲೀನರನ್ನು ಧಾರಾಳವಾಗಿ ಸುರಿದು, ಬಾಟಲಿ ಮೇಲೆ ಹೇಳಿದಷ್ಟು ಹೊತ್ತು ನೆನೆಯಲು ಬಿಟ್ಟು, ಉಜ್ಜದೆ ಬಟ್ಟೆಯಿಂದ ಒತ್ತಿ ತೆಗೆದು ಗಾಳಿಗೆ ಒಣಗಿಸಬೇಕು. ಅಮೋನಿಯಾ ಇರುವುದನ್ನು ಹಾಕಿದರೆ ಬೆಕ್ಕಿಗೆ ಉಚ್ಚೆಯ ವಾಸನೆಯೇ ಬಂದ ಹಾಗೆ ಆಗಿ ಮತ್ತೆ ಅಲ್ಲೇ ಹೊಯ್ಯುತ್ತದೆ. ಬ್ಲೀಚನ್ನಂತೂ ಉಚ್ಚೆಯ ಮೇಲೆ ಹಾಕಲೇಬೇಡಿ, ಎರಡೂ ಸೇರಿದರೆ ನಿಮ್ಮ ಉಸಿರಿಗೂ ಕೆಟ್ಟ ಅನಿಲ ಏಳುತ್ತದೆ.

ಈಗ ಏನು ಮಾಡಬೇಕು ಅಂದರೆ, ವಾಸನೆಯಿಂದಲೇ ಮತ್ತೆ ಕಟ್ಟಬೇಕು. ಒಗೆದ ಹಳೆಯ ಹತ್ತಿ ಸಾಕ್ಸ್ ಒಂದನ್ನು ನಿಮ್ಮ ಬೆಕ್ಕು ಮಲಗುವ ಜಾಗದಲ್ಲಿ ಎರಡು ರಾತ್ರಿ ಬಿಡಿ. ಕೂದಲು ಅಂಟಿರುತ್ತದೆ, ಅದರ ಜೊತೆ ವಾಸನೆಯೂ ಅಂಟಿರುತ್ತದೆ. ಅದನ್ನು ಕೈಗೆ ಹಾಕಿಕೊಂಡು ಮಂಚದ ಕಾಲು, ಬಾಗಿಲ ಚೌಕಟ್ಟು, ಗೋಡೆಯ ಮೂಲೆಗಳಿಗೆ ನೆಲದಿಂದ 20-25 ಸೆಂಟಿಮೀಟರ್ ಎತ್ತರದಲ್ಲಿ ಮೆಲ್ಲಗೆ ಒರೆಸಿ. ಅದು ಅವಳ ಕೆನ್ನೆಯ ಎತ್ತರ, ಅದಕ್ಕಿಂತ ಮೇಲೆ ಒರೆಸಿದರೆ ಪ್ರಯೋಜನವಿಲ್ಲ. ಒಂದು ವಾರ ದಿನಕ್ಕೊಮ್ಮೆ ಮಾಡಿ, ಸಾಕ್ಸನ್ನು ರಾತ್ರಿ ಅದೇ ಜಾಗಕ್ಕೆ ವಾಪಸ್ ಇಡಿ, ಒಗೆಯಬೇಡಿ. ನೀವು ಒಂದು ದಿನ ಹಾಕಿದ ಟೀ ಶರ್ಟನ್ನು, ಸೆಂಟು ಪೌಡರ್ ಇಲ್ಲದ್ದನ್ನು, ಅವಳ ಬಟ್ಟಲಿನ ಹತ್ತಿರ ಇಡಿ. ಊಟದ ಜೊತೆ ನಿಮ್ಮ ವಾಸನೆ ಸೇರಲಿ.

ಮುಂದೆಯೂ ಒಂದು ಹಾಸು ಒಗೆಯುವ ದಿನ ಇನ್ನೊಂದು ಒಗೆಯದೆ ಇರಬೇಕು, ನಡುವೆ ಒಂದು ವಾರವಾದರೂ ಅಂತರ ಬೇಕು. ಟ್ರೇಯಿಂದ ಗಟ್ಟಿ ಉಂಡೆಗಳನ್ನು ದಿನಾ ತೆಗೆಯಿರಿ, ಆದರೆ ಮರಳು ಪೂರ್ತಿ ಬದಲಿಸುವಾಗ ಹಳೆಯದನ್ನು ಒಂದು ಹಿಡಿ ಉಳಿಸಿ ಹೊಸದರ ಮೇಲೆ ಹರಡಿ. ಟ್ರೇ ಅವಳ ಮೈಯುದ್ದದ ಒಂದೂವರೆ ಪಟ್ಟು ಇರಲಿ, ಮರಳು ಸುಮಾರು 5 ಸೆಂಟಿಮೀಟರ್ ದಪ್ಪ ಇರಲಿ, ಬಟ್ಟಲಿನಿಂದ ರೂಮಿನ ಇನ್ನೊಂದು ಕಡೆಗೆ ಇಡಿ.

ಮಂಚದಡಿ ಜಾಗ ಮುಚ್ಚಬೇಡಿ. ಅವಿತುಕೊಳ್ಳುವ ಜಾಗ ಕಿತ್ತುಕೊಂಡರೆ ಬೆಕ್ಕಿಗೆ ಧೈರ್ಯ ಬರುವುದಿಲ್ಲ. ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು 2014ರಲ್ಲಿ ಆಶ್ರಯಧಾಮಕ್ಕೆ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಪೆಟ್ಟಿಗೆ ಕೊಟ್ಟು ಕೆಲವಕ್ಕೆ ಕೊಡದೆ ನೋಡಿದರು. ಪೆಟ್ಟಿಗೆ ಸಿಕ್ಕವು ಬೇಗ ನಿರಾಳವಾದವು. ಅವಳು ಬಾಗದೆ ಒಳಗೆ ಹೋಗುವಷ್ಟು ದೊಡ್ಡ ರಟ್ಟಿನ ಪೆಟ್ಟಿಗೆ ತಂದು, ಎದುರುಬದುರು ಎರಡು ತೂತು ಕೊರೆಯಿರಿ. ಒಂದೇ ತೂತಿದ್ದರೆ ಸಿಕ್ಕಿಬಿದ್ದೆ ಅನ್ನಿಸುತ್ತದೆ. ಅದನ್ನು ಮಂಚದಡಿಯೇ ಇಟ್ಟು, ಅವಳು ಅದರಲ್ಲಿ ಮಲಗಲು ಶುರು ಮಾಡಿದ ಮೇಲೆ ದಿನಕ್ಕೆ ಒಂದು ಗೇಣಿಗಿಂತ ಹೆಚ್ಚಿಲ್ಲದ ಹಾಗೆ ಹೊರಗೆ ಸರಿಸುತ್ತಾ ಬನ್ನಿ.

ಎತ್ತಿ ತೊಡೆ ಮೇಲೆ ಕೂರಿಸುವ ಮಾತು ಬಿಟ್ಟೇಬಿಡಿ. ಹಿಡಿದಾಗ ಅಲುಗಾಡದೆ ಕೂತಿತು ಅಂದರೆ ಒಪ್ಪಿತು ಅಂತಲ್ಲ, ಹೆದರಿ ಮರಗಟ್ಟಿದೆ ಅಂತ. ಕಿವಿ ಪಕ್ಕಕ್ಕೆ ಮಡಿಚಿದೆಯೋ, ಕಣ್ಣಿನ ಪಾಪೆ ಬೆಳಕಿನಲ್ಲೂ ದೊಡ್ಡದಾಗಿದೆಯೋ, ಬಾಲ ಮೈಗೆ ಬಿಗಿಯಾಗಿ ಸುತ್ತಿದೆಯೋ ನೋಡಿ. ಅಂಥ ಬೆಕ್ಕು ಕಚ್ಚಿದರೆ ಹಲ್ಲು ಸೂಜಿಯ ಹಾಗೆ ಆಳಕ್ಕೆ ಇಳಿಯುತ್ತದೆ, ಮೇಲೆ ಗಾಯ ಮುಚ್ಚಿ ಒಳಗೆ ಕೀವಾಗುತ್ತದೆ. ಹಾಗೇನಾದರೂ ಆದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅವತ್ತೇ ಡಾಕ್ಟರ್‌ಗೆ ತೋರಿಸಿ, ರೇಬಿಸ್ ಲಸಿಕೆಯ ವಿಷಯವನ್ನೂ ಕೇಳಿ.

ಎತ್ತುವ ಬದಲು ಕೂರಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, 15-20 ನಿಮಿಷ, ದಿನಾ ಅದೇ ಹೊತ್ತಿಗೆ. ನೆಲದ ಮೇಲೆ, ಮುಖ ಅವಳ ಕಡೆ ಮಾಡದೆ ಪಕ್ಕಕ್ಕೆ ತಿರುಗಿ. ಬಟ್ಟಲು ಇಡುವ ಮೊದಲು ಒಮ್ಮೆ ಹೆಸರು ಕರೆಯಿರಿ. ಬೆಕ್ಕುಗಳು ತಮ್ಮ ಹೆಸರನ್ನು ಬೇರೆ ಪದಗಳಿಂದ ಬೇರ್ಪಡಿಸಿ ಗುರುತಿಸುತ್ತವೆ ಅಂತ ಜಪಾನಿನ ಸಂಶೋಧಕರು 2019ರಲ್ಲಿ ತೋರಿಸಿದ್ದಾರೆ. ಬಟ್ಟಲಿನಿಂದ ಎರಡು ಮೀಟರ್ ದೂರದಲ್ಲಿ ಶುರು ಮಾಡಿ, ಅವಳು ಎರಡು ದಿನ ನಿರಾಳವಾಗಿ ತಿಂದರೆ ಒಂದು ಗೇಣು ಹತ್ತಿರ ಸರಿಯಿರಿ. ತಿನ್ನುವುದು ನಿಲ್ಲಿಸಿ ನಿಮ್ಮನ್ನೇ ನೋಡಿದಳೆಂದರೆ ಹತ್ತಿರ ಬಂದಿದ್ದು ಹೆಚ್ಚಾಯಿತು, ಹಿಂದಿನ ದಿನದ ದೂರಕ್ಕೆ ವಾಪಸ್ ಹೋಗಿ. ಕಣ್ಣಿಗೆ ಕಣ್ಣು ಸಿಕ್ಕಾಗ ದಿಟ್ಟಿಸಬೇಡಿ. ರೆಪ್ಪೆಯನ್ನು ನಿದ್ದೆ ಬಂದವರ ಹಾಗೆ ನಿಧಾನಕ್ಕೆ ಮುಚ್ಚಿ, ನಿಧಾನಕ್ಕೆ ತೆರೆದು, ಮುಖ ಆಚೆ ತಿರುಗಿಸಿ. ಬ್ರಿಟನ್ನಿನ ಸಸೆಕ್ಸ್ ಮತ್ತು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯಗಳ 2020ರ ಅಧ್ಯಯನದಲ್ಲಿ, ಹೀಗೆ ಮಾಡಿದವರಿಗೆ ಬೆಕ್ಕುಗಳೂ ಕಣ್ಣು ಕಿರಿದು ಮಾಡಿ ಉತ್ತರಿಸಿದವು, ಅಪರಿಚಿತರ ಕೈಯ ಹತ್ತಿರಕ್ಕೂ ಹೆಚ್ಚು ಬಂದವು. ಚುಕ್ಕಿ ಮೊದಲ ಸಲ ಹಾಗೆ ಕಣ್ಣು ಮುಚ್ಚಿದಾಗ ಎಡಗಣ್ಣು ಒಂದು ಕ್ಷಣ ತಡವಾಗಿ ಮುಚ್ಚಿತು, ನನ್ನ ಮೇಲೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ ಅನ್ನುವ ಹಾಗೆ.

ಇನ್ನು ನಿಯತ್ತಿನ ಮಾತು. ಇದನ್ನು ನಾನು ಒಪ್ಪುವುದೇ ಇಲ್ಲ. ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದವರು 2019ರಲ್ಲಿ ಬೆಕ್ಕಿನ ಮರಿಗಳನ್ನು ಸಾಕಿದವರ ಜೊತೆ ಹೊಸ ಕೋಣೆಯಲ್ಲಿ 2 ನಿಮಿಷ ಬಿಟ್ಟು, 2 ನಿಮಿಷ ಒಂಟಿ ಮಾಡಿ, ಮತ್ತೆ ಅವರನ್ನು ಒಳಗೆ ಕಳಿಸಿದರು. ಸ್ಪಷ್ಟವಾಗಿ ವರ್ಗೀಕರಿಸಲು ಸಾಧ್ಯವಾದವುಗಳಲ್ಲಿ ಶೇ. 64ರಷ್ಟು ಮರಿಗಳು ತಮ್ಮವರು ಬಂದ ತಕ್ಷಣ ಸಮಾಧಾನಗೊಂಡು, ಅವರನ್ನೇ ಆಸರೆ ಮಾಡಿಕೊಂಡು ಕೋಣೆ ನೋಡಲು ಹೊರಟವು. ಬೆಕ್ಕಿಗೂ ತನ್ನವರು ಅಂತ ಇರುತ್ತಾರೆ. ನಾಯಿ ಅದನ್ನು ಕಣ್ಣಿನಲ್ಲಿ ಹೇಳುತ್ತದೆ. ನಾಯಿ ಮತ್ತು ಒಡೆಯ ಒಬ್ಬರನ್ನೊಬ್ಬರು ನೋಡುತ್ತಾ ಕೂತಾಗ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಅನ್ನುವ ಬಾಂಧವ್ಯದ ಹಾರ್ಮೋನ್ ಏರುತ್ತದೆ ಅಂತ ಜಪಾನಿನ ಅಜಾಬು ವಿಶ್ವವಿದ್ಯಾಲಯದವರು 2015ರಲ್ಲಿ ಕಂಡುಕೊಂಡರು. ಅದೇ ದಿಟ್ಟ ನೋಟ ಹೆದರಿದ ಬೆಕ್ಕಿಗೆ ಬೆದರಿಕೆ. ನಾಯಿಯ ಅಳತೆಯಲ್ಲಿ ಬೆಕ್ಕನ್ನು ಅಳೆದರೆ ಯಾವಾಗಲೂ ಕಡಿಮೆಯೇ ಬೀಳುತ್ತದೆ. ಅದೂ ಅಲ್ಲದೆ, ಮನೆ ಬದಲಾದ ದೊಡ್ಡ ನಾಯಿಯೂ ಮೊದಲ ದಿನಗಳಲ್ಲಿ ನೀವು ಅಂದುಕೊಂಡ ಹಾಗೆ ಇರುವುದಿಲ್ಲ. ಹಸಿವಿಲ್ಲದಾಗ ತುಟಿ ನೆಕ್ಕುವುದು, ನಿದ್ದೆಯಿಲ್ಲದೆ ಆಕಳಿಸುವುದು, ಬಾಲ ಕೆಳಗಿಟ್ಟು ಬಿರುಸಾಗಿ ಆಡಿಸುವುದು, ಇವು ಸಂತೋಷವಲ್ಲ, ಆತಂಕ. ನಾಯಿ ಬೇಕಿದ್ದರೆ ನಾಯಿಗಾಗಿ ತನ್ನಿ, ಬೆಕ್ಕಿನ ಮೇಲಿನ ಬೇಸರಕ್ಕಲ್ಲ. ಈ ಬೆಕ್ಕಿಗೆ ಈಗ ಮೂರನೇ ಮನೆ ತೋರಿಸುವುದಂತೂ ಬೇಡ.

ಕಾಯಬಾರದ ಎರಡು ಸಂದರ್ಭಗಳಿವೆ. 24 ಗಂಟೆ ಏನೂ ತಿನ್ನದಿದ್ದರೆ ವೈದ್ಯರಿಗೆ ಫೋನ್ ಮಾಡಿ. ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಮೈಯ ಕೊಬ್ಬು ಯಕೃತ್ತಿಗೆ ಬಂದು ತುಂಬಿಕೊಳ್ಳಬಹುದು, ದಪ್ಪಗಿರುವ ಬೆಕ್ಕಿಗೆ ಅಪಾಯ ಇನ್ನೂ ಹೆಚ್ಚು. ರಾತ್ರಿ ತಿಂದಳೋ ಇಲ್ಲವೋ ಅಂತ ಅಂದಾಜು ಮಾಡಬೇಡಿ, ಬಟ್ಟಲನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಇನ್ನೊಂದು, ಟ್ರೇಗೆ ಪದೇ ಪದೇ ಹೋಗಿ ಮುಕ್ಕರಿದರೂ ಉಚ್ಚೆ ಬರುತ್ತಿಲ್ಲ ಅಂದರೆ ಆ ಗಳಿಗೆಯಲ್ಲೇ ಹೊರಡಿ. ಗಂಡುಬೆಕ್ಕಿನಲ್ಲಿ ಇದು ಜೀವಕ್ಕೇ ಎರವಾಗುತ್ತದೆ, ಹೆಣ್ಣಿನಲ್ಲಿ ಅಪರೂಪವಾದರೂ ತೋರಿಸಲೇಬೇಕು.

ಅವಳು ತಾನಾಗಿ ಹೊರಗೆ ಬಂದ ದಿನ ಕೈ ಚಾಚಿ ಎತ್ತಿಕೊಳ್ಳಬೇಡಿ. ಒಂದು ಬೆರಳನ್ನು ಅವಳ ಮೂಗಿನ ಮಟ್ಟಕ್ಕೆ, ಒಂದು ಗೇಣು ದೂರದಲ್ಲಿ ಅಲುಗಾಡಿಸದೆ ಹಿಡಿಯಿರಿ. ಮೂಸಿ ವಾಪಸ್ ಹೋದರೆ ಹೋಗಲಿ. ಕೆನ್ನೆ ತಂದು ಉಜ್ಜಿದರೆ ಕೆನ್ನೆ, ಗಲ್ಲದಲ್ಲಷ್ಟೇ ಮೂರು ಎಣಿಸುವವರೆಗೆ ಸವರಿ ಕೈ ತೆಗೆಯಿರಿ. ಮತ್ತೆ ಬೇಕಿದ್ದರೆ ತಾನೇ ತಲೆ ಒತ್ತುತ್ತಾಳೆ. ಹೊಟ್ಟೆ, ಬಾಲದ ಬುಡ ಸದ್ಯಕ್ಕೆ ಮುಟ್ಟಬೇಡಿ.

ಆ ಟವೆಲ್ ಒಗೆಯುವ ಬುಟ್ಟಿಯಲ್ಲಿದ್ದರೆ ಈಗಲೇ ತೆಗೆದು ಮಂಚದಡಿ ಇಡಿ. ಒಗೆದಾಗಿದ್ದರೆ ಹಿಂದಿನ ಮನೆಯವರಿಗೆ ಇವತ್ತೇ ಫೋನ್ ಮಾಡಿ, ಅವಳು ಮಲಗುತ್ತಿದ್ದ ಹಾಸೋ ದಿಂಬಿನ ಚೀಲವೋ ಒಗೆಯದೆ ಉಳಿದಿದೆಯಾ ಕೇಳಿ, ಇದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತನ್ನಿ. ಚುಕ್ಕಿಗೆ ಹಾಗೆ ಸಿಕ್ಕಿದ್ದು ಒಂದು ಹಳೆಯ ಸೋಫಾ ದಿಂಬಿನ ಕವರ್. ಅದನ್ನು ಮಂಚದಡಿ ತಳ್ಳಿದ ರಾತ್ರಿ ಬಟ್ಟಲು ಅರ್ಧ ಖಾಲಿಯಾಗಿತ್ತು.